ಶನಿವಾರ ಹೊರಟು ಶುಕ್ರವಾರ ತಲುಪುವ ಹಾರಾಟ: ವಾರದ ಪಾವಿತ್ರ್ಯವನ್ನು ಕುರಿತು

ದಕ್ಷಿಣ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳು ಒಂದೇ ಭಾಷೆಯ, ಒಂದೇ ಬಂಧುಬಳಗದ ಜನರ ನಾಡಾಗಿದ್ದರೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ, ಅಮೆರಿಕ ಮತ್ತು ಬ್ರಿಟನ್ ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದದಿಂದ ಎರಡಾಗಿ ಒಡೆದವು. ಪಶ್ಚಿಮದ ಭಾಗ 1962ರಿಂದ ಸ್ವತಂತ್ರ ರಾಷ್ಟ್ರವಾಗಿದ್ದು, ಅದರ ಮುಖ್ಯ ವಿಮಾನ ನಿಲ್ದಾಣ ಉಪೋಲು ದ್ವೀಪದ ಫಾಲೆಓಲೊದಲ್ಲಿದೆ. ಪೂರ್ವದ ಭಾಗ ಇಂದಿಗೂ ಅಮೆರಿಕದ ಅಧೀನ ಪ್ರದೇಶ, ಅದರ ನಿಲ್ದಾಣ ಟುಟುಯಿಲಾ ದ್ವೀಪದ ಪಾಗೋ ಪಾಗೋದಲ್ಲಿದೆ. ಎರಡು ನಿಲ್ದಾಣಗಳ ನಡುವಣ ದೂರ ಸುಮಾರು 150 ಕಿಲೋಮೀಟರು, ಅಂದರೆ ಬೆಂಗಳೂರಿನಿಂದ ಮೈಸೂರಿಗಿರುವಷ್ಟು. ಈ ಬಗೆಯ ಗಿಡ್ಡ ಹಾರಾಟಗಳಿಗೆಂದೇ ಹೆಸರಾದ, ಇಪ್ಪತ್ತರೊಳಗಿನ ಆಸನಗಳ ಟ್ವಿನ್ ಆಟರ್ ವಿಮಾನ ಆ ದೂರವನ್ನು ಮುಕ್ಕಾಲು ಗಂಟೆಯೊಳಗೆ ದಾಟುತ್ತದೆ. ಸೂರ್ಯನ ಲೆಕ್ಕದಲ್ಲಿ ಈ ಅಂತರ ಇನ್ನೂ ಕಿರಿದು: ರೇಖಾಂಶದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ 1.3 ಡಿಗ್ರಿ ಮಾತ್ರ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಪಾಗೋ ಪಾಗೋದ ನೆತ್ತಿಗೆ ಸೂರ್ಯ ಫಾಲೆಓಲೊಗಿಂತ ಸುಮಾರು ಐದು ನಿಮಿಷ, ನಮ್ಮ ಹಳೆಯ ಗಣಿತದಲ್ಲಿ ಹದಿಮೂರು ಪಳ, ಮೊದಲು ಬರುತ್ತಾನೆ. ಆದರೆ ಕ್ಯಾಲೆಂಡರಿನ ಲೆಕ್ಕದಲ್ಲಿ ಇವೆರಡರ ನಡುವೆ ಸರಿಯಾಗಿ ಇಪ್ಪತ್ತನಾಲ್ಕು ಗಂಟೆಗಳಿವೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಫಾಲೆಓಲೊದಿಂದ ಹೊರಟವನು ಪಾಗೋ ಪಾಗೋದಲ್ಲಿ ಇಳಿಯುವಾಗ ಶುಕ್ರವಾರದ ಹನ್ನೊಂದೂ ಆಗಿರುವುದಿಲ್ಲ. ಅವನು ಕೈಗಡಿಯಾರದ ಮುಳ್ಳನ್ನು ತಿರುಗಿಸಬೇಕಾಗಿಲ್ಲ, ಏಕೆಂದರೆ ಎರಡೂ ಕಡೆ ಗಡಿಯಾರ ಒಂದೇ ಹೊತ್ತನ್ನು ತೋರಿಸುತ್ತದೆ. ಬದಲಾಗಿರುವುದು ದಿನದ ಹೆಸರು. ಈ ದ್ವೀಪಗಳ ನಡುವೆ ಹಾರುತ್ತಿದ್ದ ಒಂದು ಚಿಕ್ಕ ವಿಮಾನ ಸಂಸ್ಥೆ 2013ರಲ್ಲಿ ಪ್ರಯಾಣಿಕರ ಮೈತೂಕ ನೋಡಿ ಕಿಲೋ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿ ತಂದು ಜಗತ್ತಿನ ಗಮನ ಸೆಳೆದಿತ್ತು. ದೇಹವನ್ನೂ ಗಂಟುಮೂಟೆಯನ್ನೂ ಅಷ್ಟು ಕರಾರುವಾಕ್ಕಾಗಿ ತೂಗುವ ಆ ದಾರಿಯಲ್ಲಿ ಒಂದು ಇಡೀ ದಿನ ಮಾತ್ರ ಯಾವ ತಕ್ಕಡಿಗೂ ಸಿಗದೆ ಕೈಬಿಟ್ಟುಹೋಗುತ್ತದೆ ಅಥವಾ ಕೈಸೇರುತ್ತದೆ.

ಇದನ್ನು ಪ್ರವಾಸಿಗರ ಕುತೂಹಲದ ಸಂಗತಿಯೆಂದು ಬದಿಗಿಡಬಹುದಾಗಿತ್ತು, ದಿನಗಳಲ್ಲಿ ಕೆಲವು ಪವಿತ್ರವೆಂದು ನಂಬಿ ಬದುಕುವ ಜನ ಲೋಕದಲ್ಲಿ ಇಲ್ಲದಿದ್ದರೆ. ವಾರಕ್ಕೊಂದು ದಿನವನ್ನು ದೇವರಿಗೆಂದು ಎತ್ತಿಟ್ಟವರಿಗೆ ಈ ಹಾರಾಟ ನೇರವಾದ ಪ್ರಶ್ನೆಯೊಂದನ್ನು ಒಡ್ಡುತ್ತದೆ: ಪಾವಿತ್ರ್ಯವಿರುವುದು ಕಾಲದಲ್ಲಿಯೇ, ಅಥವಾ ಕಾಲವನ್ನು ಎಣಿಸುವವರಲ್ಲಿಯೇ? ಭಾರತೀಯ ಚಿಂತನೆಯಲ್ಲಿ ಈ ಪ್ರಶ್ನೆಗೆ ಹತ್ತಿರವಾದ ವಿಚಾರವನ್ನು ಮಾಡಿದವರು ಮೀಮಾಂಸಕರು, ಅಂದರೆ ವೇದದ ವಿಧಿವಾಕ್ಯಗಳ ಅರ್ಥವನ್ನು ನಿರ್ಣಯಿಸುವುದನ್ನೇ ಶಾಸ್ತ್ರವಾಗಿ ಬೆಳೆಸಿದವರು. ಒಂದು ಕರ್ಮಕ್ಕೆ ಬೇಕಾದವುಗಳಲ್ಲಿ ಮನುಷ್ಯ ತನ್ನ ಪ್ರಯತ್ನದಿಂದ ಒದಗಿಸಿಕೊಳ್ಳಬಹುದಾದ ಅಕ್ಕಿ, ತುಪ್ಪ, ಸಮಿತ್ತುಗಳಂಥವನ್ನು ಅವರು ಉಪಾದೇಯ ಎಂದರು. ಒದಗಿಸಿಕೊಳ್ಳಲಾಗದೆ ಒದಗಿಬಂದಾಗ ಅನುಸರಿಸಬೇಕಾದವನ್ನು ಅನುಪಾದೇಯ ಎಂದರು. ದೇಶ, ನಿಮಿತ್ತ, ಫಲ, ಸಂಸ್ಕಾರ್ಯ ಎಂಬವುಗಳ ಜೊತೆಗೆ ಕಾಲವನ್ನೂ ಈ ಎರಡನೆಯ ಗುಂಪಿಗೆ ಸೇರಿಸಿದರು. ಹುಣ್ಣಿಮೆಯನ್ನು ಯಾರೂ ತಯಾರಿಸಲಾರರು, ಅದು ಬಂದಾಗ ಇಷ್ಟಿಯೆಂಬ ಯಾಗವನ್ನು ಮಾಡಬೇಕು, ಅಷ್ಟೇ. ಸಮೋವಾದ ಈ ಹಾರಾಟ ಮೇಲ್ನೋಟಕ್ಕೆ ಈ ವಿಭಾಗವನ್ನೇ ಅಲ್ಲಗಳೆಯುವಂತಿದೆ: ಟಿಕೆಟ್ಟಿನ ಹಣ ಕೊಟ್ಟವನು ಕಳೆದುಹೋದ ಶುಕ್ರವಾರವನ್ನು ಮುಕ್ಕಾಲು ಗಂಟೆಯಲ್ಲಿ ಒದಗಿಸಿಕೊಳ್ಳಬಲ್ಲ.

ಈ ಸ್ಥಿತಿ ಹೇಗೆ ಬಂತೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಭೂಮಿಯ ಸುತ್ತ ಪೂರ್ವಕ್ಕೆ ಹೋದಂತೆ ಹೊತ್ತು ಮುಂದಾಗುತ್ತ, ಪಶ್ಚಿಮಕ್ಕೆ ಹೋದಂತೆ ಹಿಂದಾಗುತ್ತ ಹೋಗುವುದರಿಂದ, ಎಲ್ಲಿಯೋ ಒಂದು ಕಡೆ ಎರಡು ದಿನಗಳು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಲೇಬೇಕು. ಆ ಕಾಲ್ಪನಿಕ ಗೆರೆಯನ್ನು ಅಂತರರಾಷ್ಟ್ರೀಯ ದಿನಾಂಕ ರೇಖೆ ಎನ್ನುತ್ತಾರೆ. ಅದನ್ನು ನಿಗದಿಪಡಿಸಿದ ಒಪ್ಪಂದವೆಂಬುದು ಯಾವುದೂ ಇಲ್ಲ. ಪ್ರತಿಯೊಂದು ದೇಶವೂ ತಾನು ಯಾವ ಕಡೆಗಿರಬೇಕೆಂದು ತೀರ್ಮಾನಿಸಿಕೊಳ್ಳುತ್ತದೆ, ನಕ್ಷೆ ಬಿಡಿಸುವವರು ಆ ತೀರ್ಮಾನಗಳ ಸುತ್ತ ಗೆರೆಯನ್ನು ಬಳಸಿ ಎಳೆಯುತ್ತಾರೆ. ಸಮೋವಾ ಮೊದಲು ಏಷ್ಯಾದ ದಿನವನ್ನು ಪಾಲಿಸುತ್ತಿತ್ತು. 1892ರಲ್ಲಿ, ಕ್ಯಾಲಿಫೋರ್ನಿಯದೊಡನೆ ವ್ಯಾಪಾರ ನಡೆಸುತ್ತಿದ್ದ ಅಮೆರಿಕದ ವರ್ತಕರ ಒತ್ತಾಸೆಯಿಂದ ಅದು ಅಮೆರಿಕದ ಕಡೆಗೆ ಸರಿಯಿತು. ಸರಿಯುವುದಕ್ಕಾಗಿ ಒಂದು ದಿನವನ್ನು ಎರಡು ಸಲ ಬದುಕಬೇಕಿತ್ತು, ಆ ದಿನವಾಗಿ ಆರಿಸಿಕೊಂಡದ್ದು ಅಮೆರಿಕದ ಸ್ವಾತಂತ್ರ್ಯೋತ್ಸವವಾದ ಜುಲೈ 4. ಅಧಿಕ ವರ್ಷವೂ ಆಗಿದ್ದರಿಂದ ಆ ವರ್ಷ ಅಲ್ಲಿ 367 ದಿನಗಳಾದವು. ನೂರಹತ್ತೊಂಬತ್ತು ವರ್ಷಗಳ ತರುವಾಯ ವ್ಯಾಪಾರದ ದಿಕ್ಕು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಕಡೆಗೆ ತಿರುಗಿತ್ತು. ರಾಜಧಾನಿ ಅಪಿಯಾದಲ್ಲಿ ಶುಕ್ರವಾರವಿದ್ದಾಗ ಆಕ್ಲೆಂಡಿನ ಕಚೇರಿಗಳು ಶನಿವಾರದ ರಜೆಯಲ್ಲಿರುತ್ತಿದ್ದವು, ಅಪಿಯಾದವರು ಭಾನುವಾರ ಚರ್ಚಿನಲ್ಲಿ ಕುಳಿತಿರುವಾಗ ಸಿಡ್ನಿಯಲ್ಲಿ ಸೋಮವಾರದ ವಹಿವಾಟು ಶುರುವಾಗಿರುತ್ತಿತ್ತು. ಹೀಗೆ ವಾರದಲ್ಲಿ ಎರಡು ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂಬುದು ಆಗಿನ ಪ್ರಧಾನಿ ತುಯಿಲಾಎಪಾ ಸೈಲೆಲೆ ಮಾಲಿಎಲೆಗಾವೊಯಿ ಅವರ ವಾದ. ಎರಡು ವರ್ಷಗಳ ಹಿಂದಷ್ಟೇ, 2009ರಲ್ಲಿ, ವಾಹನಗಳನ್ನು ರಸ್ತೆಯ ಬಲಬದಿಯಿಂದ ಎಡಬದಿಗೆ ಹೊರಳಿಸಿದ್ದ ಸರ್ಕಾರಕ್ಕೆ ದಿನವನ್ನು ಹೊರಳಿಸುವುದು ದೊಡ್ಡ ವಿಷಯವಾಗಿ ಕಾಣಲಿಲ್ಲವೆಂದು ತೋರುತ್ತದೆ. 2011ರ ಡಿಸೆಂಬರ್ 29, ಗುರುವಾರದ ಮಧ್ಯರಾತ್ರಿ ಚರ್ಚಿನ ಗಂಟೆಗಳು ಮೊಳಗಿದವು, ಮರುಕ್ಷಣ ಅದು ಡಿಸೆಂಬರ್ 31ರ ಶನಿವಾರವಾಯಿತು. ಆ ಶುಕ್ರವಾರ ಸಮೋವಾದಲ್ಲಿ ಸೂರ್ಯ ಹುಟ್ಟಲೂ ಇಲ್ಲ, ಮುಳುಗಲೂ ಇಲ್ಲ. ಆದರೂ ಇಲ್ಲದ ಆ ದಿನದ ಸಂಬಳವನ್ನು ನೌಕರರಿಗೆ ಕೊಡಬೇಕೆಂಬ ಏರ್ಪಾಡಾಯಿತು. ಅಮೆರಿಕದ ಸಮೋವಾ ಇದ್ದಲ್ಲಿಯೇ ಉಳಿಯಿತು.

ಸಮೋವಾ ಆಳವಾದ ಕ್ರೈಸ್ತ ಶ್ರದ್ಧೆಯ ನಾಡು. ದೇವರೇ ಸಮೋವಾದ ಬುನಾದಿ ಎಂಬುದು ಅದರ ಧ್ಯೇಯವಾಕ್ಯ, ಭಾನುವಾರ ಅಲ್ಲಿನ ಹಳ್ಳಿಗಳಲ್ಲಿ ದುಡಿಮೆ ನಿಲ್ಲುತ್ತದೆ. ಬಹುಸಂಖ್ಯಾತ ಸಭೆಗಳು ಹೊಸ ಕ್ಯಾಲೆಂಡರಿನ ಭಾನುವಾರವನ್ನೇ ಭಾನುವಾರವೆಂದು ಸ್ವೀಕರಿಸಿದವು, ಅವುಗಳಿಗೆ ದೊಡ್ಡ ಇಕ್ಕಟ್ಟು ಬರಲಿಲ್ಲ. ಇಕ್ಕಟ್ಟು ಬಂದದ್ದು ಏಳನೆಯ ದಿನದ ಅಡ್ವೆಂಟಿಸ್ಟರಿಗೆ. ದೇವರು ಆರು ದಿನಗಳಲ್ಲಿ ಸೃಷ್ಟಿಯನ್ನು ಮುಗಿಸಿ ಏಳನೆಯ ದಿನ ವಿಶ್ರಮಿಸಿದನೆಂಬ ಬೈಬಲಿನ ವೃತ್ತಾಂತವನ್ನು ಆಧರಿಸಿ, ಸಬ್ಬತ್ ಎಂದು ಕರೆಯುವ ಆ ವಿಶ್ರಾಂತಿಯ ದಿನವನ್ನು ಶನಿವಾರವೇ, ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ, ಆಚರಿಸಬೇಕೆಂಬುದು ಈ ಪಂಥದ ಹೆಸರಿನಲ್ಲಿಯೇ ಇರುವ ನಂಬಿಕೆ. ಡಿಸೆಂಬರ್ 24ರ ಶನಿವಾರ ಸಬ್ಬತ್ ಆಚರಿಸಿದವರು ಮುಂದಿನ ದಿನಗಳನ್ನು ಬೆರಳು ಮಡಚಿ ಎಣಿಸಿದರೆ ಭಾನುವಾರ ಒಂದು, ಸೋಮವಾರ ಎರಡು, ಹೀಗೆ ಗುರುವಾರಕ್ಕೆ ಐದು, ಅದರ ಮರುದಿನವಾದ ಶನಿವಾರಕ್ಕೆ ಆರು, ಏಳನೆಯದಾಗಿ ಬರುವುದು 2012ರ ಜನವರಿ 1ರ ಭಾನುವಾರ. ಎಣಿಕೆಯನ್ನು ಹಿಡಿದರೆ ಶನಿವಾರವೆಂಬ ಹೆಸರು ತಪ್ಪುತ್ತದೆ, ಹೆಸರನ್ನು ಹಿಡಿದರೆ ಏಳರ ಎಣಿಕೆ ಆರಕ್ಕೇ ಕಡಿಯುತ್ತದೆ. ಸಭೆಯ ಅಧಿಕೃತ ನಿಲುವು ಎಣಿಕೆಯ ಕಡೆಗೆ ನಿಂತಿತು. ಶನಿವಾರದ ಹೆಸರಿನಲ್ಲಿಯೇ ಶತಮಾನಕ್ಕೂ ಮಿಗಿಲಾಗಿ ಸಾಕ್ಷಿ ನುಡಿದ ಪಂಥವೊಂದು ಸಮೋವಾದಲ್ಲಿ ಭಾನುವಾರ ಸಬ್ಬತ್ತನ್ನು ಆಚರಿಸತೊಡಗಿತು. ನೆರೆಯ ಟೋಂಗಾದಲ್ಲಿ ಅದೇ ಪಂಥದವರು ಮೊದಲಿನಿಂದಲೂ ಹೀಗೆಯೇ ಮಾಡುತ್ತ ಬಂದಿದ್ದರು. ಒಪ್ಪದ ಕೆಲವರು ಬೇರೆಯಾಗಿ ನಿಂತು ಶನಿವಾರವನ್ನೇ ಉಳಿಸಿಕೊಂಡರು. ಹೊರಗಿನವರಿಗೆ ಇದು ಹಟವೆಂದು ಕಾಣಬಹುದು, ಆದರೆ ಎರಡೂ ಪಕ್ಷಗಳು ಒಂದೇ ಆಜ್ಞೆಗೆ ವಿಧೇಯವಾಗಿರಲು ಹೆಣಗುತ್ತಿವೆ ಎಂಬುದನ್ನು ಗಮನಿಸಿದರೆ ಅದನ್ನು ಹಟವೆನ್ನಲಾಗದು.

ಎಣಿಕೆಯ ಪಕ್ಷವನ್ನು ಹಿಡಿದವನು ಫಾಲೆಓಲೊದಿಂದ ಭಾನುವಾರ ಬೆಳಗ್ಗೆ ಹೊರಟರೆ ಪಾಗೋ ಪಾಗೋದಲ್ಲಿ ಶನಿವಾರ ಬೆಳಗ್ಗೆ ಇಳಿಯುತ್ತಾನೆ. ಅಲ್ಲಿನ ಅಡ್ವೆಂಟಿಸ್ಟರು ಆಗ ತಾನೇ ಸಬ್ಬತ್ತಿನ ಆರಾಧನೆಗೆ ಸೇರುತ್ತಿರುತ್ತಾರೆ, ಅವನ ಸಬ್ಬತ್ತಿಗೆ ಯಾವ ಭಂಗವೂ ಬರುವುದಿಲ್ಲ. ಹೆಸರಿನ ಪಕ್ಷದವನು ಶನಿವಾರದ ಸಬ್ಬತ್ ಮುಗಿಸಿ ಅದೇ ವಿಮಾನ ಹತ್ತಿದರೆ ಇನ್ನೊಂದು ಸಬ್ಬತ್ತಿನೊಳಕ್ಕೆ ಇಳಿಯುತ್ತಾನೆ. ಇಷ್ಟರಿಂದಲೇ ಮೊದಲ ಪಕ್ಷ ಗೆದ್ದಿತೆಂದು ತೋರಬಹುದು. ಆದರೆ ಅದೇ ಸಮೋವಾದವನ ಅಣ್ಣನೋ ತಂಗಿಯೋ ಆಕ್ಲೆಂಡಿನಲ್ಲಿ ನೆಲೆಸಿ ಅಲ್ಲಿಯ ಶನಿವಾರವನ್ನು ಆಚರಿಸುತ್ತಿದ್ದರೆ, ಅಪಿಯಾಕ್ಕೆ ಬಂದಾಗ ಅವರಿಗೆ ಎಂಟನೆಯ ದಿನ ಸಬ್ಬತ್ ಬರುತ್ತದೆ. ಒಂದು ಗೆರೆಯನ್ನು ತಪ್ಪಿಸಿಕೊಂಡರೆ ಇನ್ನೊಂದು ಗೆರೆ ಎದುರಾಗುತ್ತದೆ, ಏಕೆಂದರೆ ದುಂಡನೆಯ ಭೂಮಿಯ ಮೇಲೆ ಎಲ್ಲ ಕಡೆಗೂ ಒಪ್ಪುವ ಕಡಿಯದ ಎಣಿಕೆ ಎಂಬುದು ಸಾಧ್ಯವೇ ಇಲ್ಲ.

ಇಲ್ಲಿ ಪಂಚಾಂಗದ ರಚನೆಯನ್ನು ನೆನೆಯುವುದರಿಂದ ವಿಷಯ ತಿಳಿಯಾಗುತ್ತದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಲ್ಲಿ ತಿಥಿಯೆಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿಯುವ ಅವಧಿ, ಕರಣ ಅದರ ಅರ್ಧ. ನಕ್ಷತ್ರವೆಂದರೆ ಚಂದ್ರನಿರುವ ಆಕಾಶಭಾಗ. ಯೋಗವೆಂದರೆ ಸೂರ್ಯಚಂದ್ರರ ಸ್ಥಾನಗಳನ್ನು ಕೂಡಿಸಿ ಪಡೆದ ಅಳತೆ. ನಾಲ್ಕೂ ಆಕಾಶದಲ್ಲಿವೆ. ಮರುಭೂಮಿಯಲ್ಲಿ ನೆನಪು ತಪ್ಪಿ ಎಚ್ಚರಗೊಂಡ ಜೋಯಿಸನೊಬ್ಬ ರಾತ್ರಿಯ ಆಕಾಶವನ್ನು ನೋಡಿ ತಿಥಿಯನ್ನೂ ನಕ್ಷತ್ರವನ್ನೂ ಹೇಳಬಲ್ಲ. ವಾರವನ್ನು ಮಾತ್ರ ಹೇಳಲಾರ, ಯಾರನ್ನಾದರೂ ಕೇಳಲೇಬೇಕು. ವಾರಗಳಿಗೆ ಗ್ರಹಗಳ ಹೆಸರಿದೆಯಲ್ಲವೆ ಎಂಬ ಆಕ್ಷೇಪಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಒಂದೊಂದು ಹೋರೆಗೆ, ಅಂದರೆ ದಿನದ ಇಪ್ಪತ್ತನಾಲ್ಕನೆಯ ಒಂದು ಭಾಗಕ್ಕೆ, ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂಬ ಕ್ರಮದಲ್ಲಿ ಒಬ್ಬೊಬ್ಬ ಒಡೆಯನನ್ನಿಟ್ಟು, ದಿನದ ಮೊದಲ ಹೋರೆಯ ಒಡೆಯನ ಹೆಸರನ್ನು ದಿನಕ್ಕಿಟ್ಟದ್ದರಿಂದ ವಾರಗಳ ಕ್ರಮ ಹುಟ್ಟಿತು ನಿಜ. ಆದರೆ ಶುಕ್ರವಾರ ಶುಕ್ರಗ್ರಹ ಹೆಚ್ಚು ಬೆಳಗುವುದಿಲ್ಲ, ಶನಿವಾರ ಶನಿ ಉಳಿದ ದಿನಗಳಿಗಿಂತ ಬೇರೆಯಾಗಿ ಚಲಿಸುವುದಿಲ್ಲ. ಸಂಕಲ್ಪವನ್ನೇ ತೆಗೆದುಕೊಂಡರೆ, ಅಂದರೆ ಪೂಜೆಗೆ ಮೊದಲು ಕರ್ತೃ ತಾನಿರುವ ದೇಶಕಾಲಗಳನ್ನು ಹೆಸರಿಸಿ ಮಾಡುವ ಘೋಷಣೆಯನ್ನು, ಒಂದೇ ಕ್ಷಣದಲ್ಲಿ ಫಾಲೆಓಲೊದಲ್ಲೊಬ್ಬರೂ ಪಾಗೋ ಪಾಗೋದಲ್ಲೊಬ್ಬರೂ ಕುಳಿತು ಸಂಕಲ್ಪ ಮಾಡಿದರೆಂದು ಊಹಿಸಿದರೆ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ಆ ಕ್ಷಣಕ್ಕೆ ನಡೆಯುತ್ತಿರುವ ತಿಥಿನಕ್ಷತ್ರಗಳು ಎಲ್ಲವೂ ಇಬ್ಬರ ಬಾಯಲ್ಲೂ ಒಂದೇ ಆಗಿ, ವಾಸರವನ್ನು ಹೇಳುವಲ್ಲಿ ಮಾತ್ರ ಒಬ್ಬರು ಸ್ಥಿರವಾಸರವೆನ್ನುತ್ತಾರೆ, ಇನ್ನೊಬ್ಬರು ಭೃಗುವಾಸರವೆನ್ನುತ್ತಾರೆ. ಮೀಮಾಂಸಕರ ವಿಭಾಗವನ್ನು ಇದಕ್ಕೆ ಅನ್ವಯಿಸಿದರೆ, ಆಕಾಶದ ನಾಲ್ಕು ಅಂಗಗಳು ಇಂದಿಗೂ ಅನುಪಾದೇಯವಾಗಿಯೇ ಉಳಿದಿವೆ. ವಾರವೊಂದು ಮಾತ್ರ, ಸೂರ್ಯೋದಯದ ಬೆನ್ನಿಗೆ ಕಟ್ಟಿಕೊಂಡು ಬಂದದ್ದರಿಂದ ಅನುಪಾದೇಯದಂತೆ ಕಾಣುತ್ತಿದ್ದರೂ, ಮೊದಲಿನಿಂದಲೂ ಜನ ಒದಗಿಸಿಕೊಂಡದ್ದೇ ಆಗಿತ್ತು. ಸಮೋವಾದ ಶಾಸನಸಭೆ ಅಳಿಸಿಹಾಕಿದ್ದು ಕಾಲವನ್ನಲ್ಲ. ತನ್ನ ಪ್ರಜೆಗಳು ಕೂಡಿ ಮಾಡುತ್ತಿದ್ದ ಎಣಿಕೆಯ ಒಂದು ಅಂಕಿಯನ್ನು.

ನಮ್ಮ ಸಿದ್ಧಾಂತಿಗಳಿಗೆ, ಅಂದರೆ ಗಣಿತಜ್ಯೋತಿಷದ ಗ್ರಂಥಕಾರರಿಗೆ, ಈ ಸಂಗತಿ ತಿಳಿಯದೆ ಇರಲಿಲ್ಲ. ಅವರು ವಾರವನ್ನು ಕಂಡುಹಿಡಿಯುತ್ತಿದ್ದುದೇ ಎಣಿಕೆಯಿಂದ: ಕಲಿಯುಗದ ಆರಂಭವೆಂದು ಹಿಡಿದ ಕ್ರಿ.ಪೂ. 3102ರ ಫೆಬ್ರವರಿ 18ರಿಂದ ಕಳೆದ ದಿನಗಳ ಒಟ್ಟು ಮೊತ್ತವಾದ ಅಹರ್ಗಣವನ್ನು ಏಳರಿಂದ ಭಾಗಿಸಿ, ಉಳಿದ ಶೇಷವನ್ನು ಶುಕ್ರವಾರದಿಂದ ಎಣಿಸುತ್ತಿದ್ದರು. ಎಣಿಕೆಯ ಆ ಮೊದಲ ದಿನವೂ ಶುಕ್ರವಾರವಾಗಿದ್ದುದು ಸಮೋವಾದವರಿಗೆ ತಿಳಿದಿದ್ದರೆ ನಗು ಬರುತ್ತಿತ್ತೋ ಏನೋ. ಉಜ್ಜಯಿನಿಯ ಮೇಲೆ ಹಾಯುವ ಮಧ್ಯರೇಖೆ ವಿಷುವದ್ವೃತ್ತವನ್ನು ಕೂಡುವಲ್ಲಿ ಲಂಕೆ, ಅದರಿಂದ ತೊಂಬತ್ತು ತೊಂಬತ್ತು ಡಿಗ್ರಿ ಅಂತರದಲ್ಲಿ ಯಮಕೋಟಿ, ಸಿದ್ಧಪುರ, ರೋಮಕ ಎಂದು ನಾಲ್ಕು ಪಟ್ಟಣಗಳನ್ನು ಅವರು ಕಲ್ಪಿಸಿಕೊಂಡಿದ್ದರು. ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಯಮಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ ಎಂಬುದನ್ನು ಆರ್ಯಭಟ ಐದನೆಯ ಶತಮಾನದ ಕೊನೆಯಲ್ಲಿಯೇ ಹೇಳಿದ. ಮಧ್ಯರೇಖೆಯ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ಊರುಗಳಲ್ಲಿ ವಾರಪ್ರವೃತ್ತಿ, ಅಂದರೆ ವಾರದ ಆರಂಭ, ಎಷ್ಟು ನಾಡಿಗಳ ವ್ಯತ್ಯಾಸದಿಂದ ಆಗುತ್ತದೆಂಬುದಕ್ಕೆ ಸೂರ್ಯಸಿದ್ಧಾಂತ ನಿಯಮವನ್ನು ಕೊಡುತ್ತದೆ. ದಿನ ಶುರುವಾಗುವುದು ಸೂರ್ಯೋದಯಕ್ಕೋ, ಮಧ್ಯರಾತ್ರಿಗೋ, ಯವನಪುರದ ಸೂರ್ಯಾಸ್ತಕ್ಕೋ ಎಂಬ ಬಗ್ಗೆ ಹಿಂದಿನವರಲ್ಲಿದ್ದ ಭಿನ್ನಮತಗಳನ್ನು ವರಾಹಮಿಹಿರ ತನ್ನ ಪಂಚಸಿದ್ಧಾಂತಿಕಾದಲ್ಲಿ ದಾಖಲಿಸಿ, ವಾರದ ಒಡೆತನದ ಲೆಕ್ಕ ಎಲ್ಲೆಡೆಗೂ ಒಂದೇ ಆಗಿ ನಿಲ್ಲುವುದಿಲ್ಲವೆಂಬ ತೊಡಕನ್ನು ಮುಂದಿಡುತ್ತಾನೆ. ಆ ಕಾಲಕ್ಕೆ ಅದು ಬರಿಯ ಗಣಿತದ ತೊಡಕು. ಸಿದ್ಧಪುರಕ್ಕೆ ಹೋಗಿ ಬಂದವರು ಯಾರೂ ಇರಲಿಲ್ಲ.

ಉಜ್ಜಯಿನಿಯ ರೇಖೆಯನ್ನೇ ಪ್ರಮಾಣವಾಗಿಟ್ಟುಕೊಂಡು ಅದರ ಎದುರು ಬದಿಯಲ್ಲಿ ದಿನಾಂಕ ರೇಖೆಯನ್ನು ಎಳೆದರೆ ಏನಾಗುತ್ತದೆಂದು ನೋಡುವುದು ಸ್ವಾರಸ್ಯಕರ. ಆ ಗೆರೆ ಪಶ್ಚಿಮ ರೇಖಾಂಶ 104 ಡಿಗ್ರಿಯ ಸುಮಾರಿಗೆ ಬೀಳುತ್ತದೆ. ಎರಡು ಸಮೋವಾಗಳೂ ಏಷ್ಯಾದ ದಿನಕ್ಕೆ ಸೇರಿ ಫಾಲೆಓಲೊ ಮತ್ತು ಪಾಗೋ ಪಾಗೋಗಳ ಜಗಳ ಒಂದೇಟಿಗೆ ತೀರುತ್ತದೆ. ಆದರೆ ಅದೇ ಗೆರೆ ಅಮೆರಿಕವನ್ನು ನಟ್ಟನಡುವೆ ಸೀಳಿ, ಕ್ಯಾಲಿಫೋರ್ನಿಯದ ಕನ್ನಡಿಗರು ತಮ್ಮ ನೆರೆಯವರ ಶುಕ್ರವಾರದಂದೇ ಶನಿವಾರದ ಹನುಮಂತನ ಪೂಜೆ ಮಾಡಬೇಕಾಗುತ್ತದೆ. ಯಾವ ಮನೆಯಲ್ಲೂ ಹಾಗೆ ನಡೆದದ್ದಿಲ್ಲ. ಸಾಗರ ದಾಟಿ ಹೋದವರು, ಅಟ್ಲಾಂಟಿಕ್ ದಾಟಿ ಹೋಗಲಿ ಪೆಸಿಫಿಕ್ ದಾಟಿ ಹೋಗಲಿ, ಯಾವ ಗ್ರಂಥವನ್ನೂ ತೆರೆಯದೆ ಆ ಊರಿನ ವಾರವನ್ನೇ ತಮ್ಮ ವಾರವಾಗಿ ಒಪ್ಪಿಕೊಂಡರು. ಸಂಕಲ್ಪದಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪವೆಂದು ಹೇಳಿಸುವ ಪುರೋಹಿತರು ಕೂಡ ವಾಸರದ ವಿಷಯದಲ್ಲಿ ಚರ್ಚೆಗಿಳಿಯಲಿಲ್ಲ.

ಯಹೂದಿಗಳಿಗೆ ಇಂಥ ಸಲೀಸು ದಾರಿ ಇರಲಿಲ್ಲ, ಅವರ ಇತಿಹಾಸದಲ್ಲಿ ಈ ಪ್ರಶ್ನೆ ಹೊಟ್ಟೆಗೇ ತಟ್ಟಿದ ಸಂದರ್ಭವೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಪೂರ್ವ ಯುರೋಪಿನಿಂದ ತಪ್ಪಿಸಿಕೊಂಡು ಸೈಬೀರಿಯ ದಾಟಿ ಜಪಾನಿನ ಕೋಬೆ ನಗರ ಸೇರಿದ್ದ ಯಹೂದಿ ನಿರಾಶ್ರಿತರಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳೇ ಬಹಳ ಮಂದಿ ಇದ್ದರು. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಂದು ಇಪ್ಪತ್ತೈದು ಗಂಟೆಗಳಷ್ಟು ಕಾಲ ಅನ್ನನೀರು ಮುಟ್ಟದೆ ಇರಬೇಕು. 1941ರಲ್ಲಿ ಆ ದಿನ ಅಕ್ಟೋಬರ್ 1ರ ಬುಧವಾರ ಬಂದಿತ್ತು. ಆದರೆ ಜಪಾನು ಯಹೂದಿ ಶಾಸ್ತ್ರದ ದೃಷ್ಟಿಯಲ್ಲಿ ದಿನಾಂಕ ರೇಖೆಯ ಯಾವ ಕಡೆಗಿದೆ ಎಂಬುದು ತೀರ್ಮಾನವಾಗಿರಲಿಲ್ಲ. ಜೆರುಸಲೇಮನ್ನು ಲೋಕದ ಕೇಂದ್ರವಾಗಿಟ್ಟುಕೊಂಡು, ಹನ್ನೆರಡನೆಯ ಶತಮಾನದ ಯೆಹೂದಾ ಹಾಲೇವಿಯ ವಿಚಾರಗಳ ಜಾಡು ಹಿಡಿದು, ಖಜೋನ್ ಈಶ್ ಎಂದು ಹೆಸರಾದ ವಿದ್ವಾಂಸರು ಗೆರೆ ಜೆರುಸಲೇಮಿಗೆ ತೊಂಬತ್ತು ಡಿಗ್ರಿ ಪೂರ್ವದಲ್ಲಿದೆಯೆಂದೂ, ಆದ್ದರಿಂದ ಜಪಾನಿನಲ್ಲಿ ಬುಧವಾರ ಉಂಡು ಗುರುವಾರ ಉಪವಾಸ ಮಾಡಬೇಕೆಂದೂ ತಂತಿ ಕಳಿಸಿದರು. ಜೆರುಸಲೇಮಿನಲ್ಲಿ ಸೇರಿದ ಇತರ ವಿದ್ವಾಂಸರ ಸಭೆ ಬುಧವಾರವೇ ಉಪವಾಸ ಮಾಡಬೇಕೆಂದಿತು. ಗೆರೆಯನ್ನು ಜೆರುಸಲೇಮಿನ ನೂರೆಂಬತ್ತು ಡಿಗ್ರಿ ಎದುರಿಗೆ ಎಳೆಯಬೇಕೆಂಬ ಮತವೂ ಇತ್ತು, ಅದನ್ನು ಒಪ್ಪಿದರೆ ಸಬ್ಬತ್ ಹವಾಯಿಯಲ್ಲಿಯೂ ಪಾಗೋ ಪಾಗೋದಲ್ಲಿಯೂ ಶುಕ್ರವಾರ ಬೀಳುತ್ತದೆ. ಸಂದೇಹಕ್ಕೆ ಎಡೆಗೊಡದೆ ಎರಡು ದಿನವೂ ಒಂದೇ ಸಮನೆ ಉಪವಾಸವಿದ್ದವರು ಇದ್ದರೆಂದು ಹೇಳುತ್ತಾರೆ. ಮನೆಮಠ ಕಳೆದುಕೊಂಡು, ಮುಂದೆ ಎಲ್ಲಿಗೆಂದು ತಿಳಿಯದೆ ಕುಳಿತವರು ರೇಖಾಂಶದ ಲೆಕ್ಕಕ್ಕಾಗಿ ತಂತಿ ಕಳಿಸಿ ಉತ್ತರಕ್ಕೆ ಕಾದರೆಂಬುದನ್ನು ಕರ್ಮಠತನವೆಂದು ತಳ್ಳಿಹಾಕುವುದು ಸುಲಭ. ಎಲ್ಲವನ್ನೂ ಕಳೆದುಕೊಂಡವರಿಗೆ ಲೋಕದ ಉಳಿದ ಯಹೂದಿಗಳ ಜೊತೆ ಒಂದೇ ದಿನ ಹಸಿದಿರುವುದೇ ಉಳಿದಿದ್ದ ಆಸ್ತಿ ಎಂದು ನೋಡುವುದು ಹೆಚ್ಚು ನ್ಯಾಯವಾದೀತು.

ಅಡ್ವೆಂಟಿಸ್ಟರ ಎಣಿಕೆಯ ಪಕ್ಷಕ್ಕೆ ಇರುವ ಬೌದ್ಧಿಕ ಆಧಾರ ಇದಕ್ಕಿಂತ ದುರ್ಬಲ. ದಿನಾಂಕ ರೇಖೆ ನ್ಯಾಯವಾಗಿ 180ನೆಯ ರೇಖಾಂಶದ ಮೇಲೆಯೇ ಇರಬೇಕು, ಸಮೋವಾ ಮತ್ತು ಟೋಂಗಾ ಅದರ ಪೂರ್ವಕ್ಕಿರುವುದರಿಂದ ಅವುಗಳ ಸರ್ಕಾರಗಳು ಏನೇ ಹೇಳಲಿ ಅಲ್ಲಿ ಅಮೆರಿಕದ ದಿನವೇ ನಿಜವಾದ ದಿನ ಎಂಬುದು ಅವರ ವಾದ. ಆದರೆ 180 ಎಂಬುದು ಗ್ರೀನಿಚ್‌ನಿಂದ ಎಣಿಸಿದ 180. ಗ್ರೀನಿಚ್ ಸೊನ್ನೆಯಾದದ್ದು 1884ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನದಲ್ಲಿ, ಜಗತ್ತಿನ ಹಡಗುಗಳಲ್ಲಿ ಹೆಚ್ಚಿನವು ಆಗಲೇ ಬ್ರಿಟಿಷ್ ನಕ್ಷೆಗಳನ್ನು ಬಳಸುತ್ತಿದ್ದವೆಂಬ ವ್ಯಾವಹಾರಿಕ ಕಾರಣದಿಂದ. ಸಿನಾಯ್ ಬೆಟ್ಟದಲ್ಲಿ ಕೊಟ್ಟ ಸಬ್ಬತ್ತಿನ ಆಜ್ಞೆಯನ್ನು ಹಡಗಿನ ನಕ್ಷೆಯ ಮೇಲೆ ನಿಲ್ಲಿಸುವುದಕ್ಕಿಂತ ಜೆರುಸಲೇಮಿನ ಮೇಲೆ ನಿಲ್ಲಿಸುವುದು ತರ್ಕಕ್ಕೆ ಹೆಚ್ಚು ಹೊಂದುತ್ತದೆ. ಮೇಲಾಗಿ ಈ ಪಂಥ ಸಮೋವಾದಲ್ಲಿ ನೆಲೆಯೂರಿದ್ದು 1890ರ ದಶಕದಲ್ಲಿ, ವರ್ತಕರು ದಿನವನ್ನು ಅಮೆರಿಕದ ಕಡೆಗೆ ಹೊರಳಿಸಿದ ಅದೇ ದಶಕದಲ್ಲಿ; ಅವರು ಕಾಪಾಡಿಕೊಂಡು ಬಂದ ಎಣಿಕೆಯ ಅಡಿಯಲ್ಲಿಯೂ ಒಂದು ಇಮ್ಮಡಿಗೊಂಡ ಜುಲೈ 4 ಅಡಗಿದೆ.

ಎಣಿಕೆಯಲ್ಲಿ ತಪ್ಪದವನಿಗೂ ದಿನ ತಪ್ಪಬಹುದೆಂಬುದು ಯುರೋಪಿಗೆ ಅನುಭವಕ್ಕೆ ಬಂದದ್ದು 1522ರಲ್ಲಿ. ಮೆಗಲನ್ನನ ಹಡಗುಪಡೆಯಲ್ಲಿ ಭೂಮಿಯನ್ನು ಸುತ್ತಿ ಉಳಿದುಬಂದವರು ಆ ವರ್ಷದ ಜುಲೈನಲ್ಲಿ ಕೇಪ್ ವರ್ಡ್ ದ್ವೀಪಗಳನ್ನು ಮುಟ್ಟಿದಾಗ ತಮ್ಮ ಲೆಕ್ಕದಲ್ಲಿ ಬುಧವಾರವಾಗಿದ್ದು ದಡದಲ್ಲಿದ್ದವರು ಗುರುವಾರವೆಂದದ್ದನ್ನು ಕೇಳಿ ಬೆರಗಾದರು. ಕಾಯಿಲೆ ಬೀಳದೆ ದಿನದಿನವೂ ತಪ್ಪದೆ ಬರೆದಿಟ್ಟ ದಿನಚರಿಯ ಲೇಖಕ ಆಂಟೋನಿಯೊ ಪಿಗಫೆಟ್ಟ ಅದನ್ನು ದಾಖಲಿಸಿದ್ದಾನೆ. ಪಶ್ಚಿಮಕ್ಕೆ ಹೋಗುತ್ತ ಹೋಗುತ್ತ ಅವರ ಪ್ರತಿದಿನವೂ ಕೊಂಚಕೊಂಚ ಉದ್ದವಾಗಿ ಒಂದು ದಿನ ಕರಗಿಹೋಗಿತ್ತು, ಅಂದರೆ ತಿಳಿಯದೆಯೇ ಅವರು ಶುಕ್ರವಾರಗಳಂದು ಮಾಂಸ ತಿಂದು ಹಬ್ಬಗಳನ್ನು ತಪ್ಪು ದಿನ ಆಚರಿಸಿದ್ದರು. ಹೀಗಾಗುವುದೆಂದು ಸಿರಿಯದ ಭೂಗೋಳಜ್ಞ ಅಬುಲ್ ಫಿದಾ ಹದಿನಾಲ್ಕನೆಯ ಶತಮಾನದಲ್ಲಿಯೇ, ಎದ್ದು ಹೋಗದೆ ಕುಳಿತಲ್ಲಿಯೇ, ತರ್ಕಿಸಿ ಹೇಳಿದ್ದ.

ತತ್ತ್ವಶಾಸ್ತ್ರದ ಕಡೆಯಿಂದ ನೋಡಿದರೆ, ಕಾಲವನ್ನು ಒಂದೇ, ನಿತ್ಯ ಮತ್ತು ಸರ್ವವ್ಯಾಪಿಯಾದ ದ್ರವ್ಯವೆಂದು ಹೇಳುವ ವೈಶೇಷಿಕರು ಕ್ಷಣ, ದಿನ, ಮಾಸಗಳೆಂಬ ಭೇದಗಳನ್ನು ಉಪಾಧಿಗಳಿಂದ, ಅಂದರೆ ಸೂರ್ಯನ ಚಲನೆಯಂಥ ಹೊರಗಿನ ನಿಮಿತ್ತಗಳಿಂದ, ಬಂದವೆನ್ನುತ್ತಾರೆ. ಜೈನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಶ್ಚಯಕಾಲ, ವ್ಯವಹಾರಕಾಲ ಎಂದು ಎರಡನ್ನು ಬೇರ್ಪಡಿಸಿದರು. ಸೂರ್ಯಚಂದ್ರರು ಮೇರುವನ್ನು ಸುತ್ತುವ ಮನುಷ್ಯಲೋಕದಲ್ಲಿ ಮಾತ್ರ ಕಾಲದ ವಿಭಾಗವಿದೆ, ಅದರಾಚೆ ಜ್ಯೋತಿಗಳು ನಿಶ್ಚಲವಾಗಿರುವುದರಿಂದ ಅಲ್ಲಿ ದಿನವೂ ಇಲ್ಲ ರಾತ್ರಿಯೂ ಇಲ್ಲ ಎಂಬುದು ತತ್ತ್ವಾರ್ಥಸೂತ್ರದ ಪರಂಪರೆ ಹೇಳುವ ಮಾತು. ಎರಡೂ ದರ್ಶನಗಳು ದಿನದ ಭೇದಕ್ಕೆ ಸೂರ್ಯನನ್ನು ಸಾಕ್ಷಿಗೆ ಕರೆಯುತ್ತವೆ. ಫಾಲೆಓಲೊ ಮತ್ತು ಪಾಗೋ ಪಾಗೋಗಳ ಸಂಗತಿಯಲ್ಲಿ ಆ ಸಾಕ್ಷಿ ಹೇಳುವುದು ಐದು ನಿಮಿಷವನ್ನು ಮಾತ್ರ. ಕ್ಯಾಲೆಂಡರಿನ ಇಪ್ಪತ್ತನಾಲ್ಕು ಗಂಟೆಗಳ ಅಂತರಕ್ಕೆ ಉಪಾಧಿಯಾಗಿರುವುದು ಮನುಷ್ಯರ ಒಡಂಬಡಿಕೆ. ವ್ಯವಹಾರಕಾಲದೊಳಗೇ ಸೂರ್ಯ ಮಾಡಿದ್ದು, ಜನ ಮಾಡಿದ್ದು ಎಂಬ ಇನ್ನೊಂದು ವಿಭಾಗವನ್ನು ಒಪ್ಪದೆ ಗತ್ಯಂತರವಿಲ್ಲ.

ದೂರವನ್ನೂ ವೇಗವನ್ನೂ ಧರ್ಮಶಾಸ್ತ್ರಗಳು ಎದುರಿಸಿದ ಬಗೆ ಇಲ್ಲಿ ಸ್ವಲ್ಪ ಬೆಳಕು ಚೆಲ್ಲುತ್ತದೆ. ಇಸ್ಲಾಮಿನಲ್ಲಿ ಪ್ರಯಾಣಿಕನಿಗೆ ನಾಲ್ಕು ರಕಾತ್‌ಗಳ ನಮಾಜನ್ನು ಎರಡಕ್ಕೆ ಇಳಿಸುವ ಅನುಮತಿಯಿದೆ. ಕಾಲ್ನಡಿಗೆಯ ಅಥವಾ ಒಂಟೆಯ ಮೇಲಣ ಪಯಣದ ದಿನಗಳ ಲೆಕ್ಕದಲ್ಲಿ ಹೇಳಿದ್ದ ಆ ದೂರವನ್ನು ಇಂದಿನ ವಿದ್ವಾಂಸರು ಸಾಮಾನ್ಯವಾಗಿ 80 ಕಿಲೋಮೀಟರಿನ ಆಸುಪಾಸಿಗೆ ಹಿಡಿಯುತ್ತಾರೆ. ಮುಕ್ಕಾಲು ಗಂಟೆ ಕುರ್ಚಿಯಲ್ಲಿ ಕುಳಿತು 150 ಕಿಲೋಮೀಟರು ದಾಟಿದವನಿಗೆ ಆಯಾಸವೆಲ್ಲಿಯದು ಎಂಬ ಪ್ರಶ್ನೆಗೆ ಅವರ ಉತ್ತರ ಸೂಕ್ಷ್ಮವಾಗಿದೆ: ಆಯಾಸ ಆ ವಿಧಿಯ ಹಿಂದಿನ ವಿವೇಕವೇ ಹೊರತು ಅದರ ಕಾರಣವಲ್ಲ, ಕಾರಣ ಪ್ರಯಾಣ, ಪ್ರಯಾಣ ನಡೆದಿದೆ. ಸಬ್ಬತ್ತಿನಂದು ಊರಾಚೆ ಎರಡು ಸಾವಿರ ಮೊಳಕ್ಕಿಂತ ದೂರ ಹೋಗಬಾರದೆಂಬ ಯಹೂದಿ ನಿಯಮದ ವಿಷಯದಲ್ಲಿ, ನೆಲದಿಂದ ಹತ್ತು ಹಿಡಿಯಷ್ಟು ಎತ್ತರದ ಮೇಲೆ ಸಂಚರಿಸುವವನಿಗೂ ಆ ಎಲ್ಲೆ ಅನ್ವಯಿಸುತ್ತದೆಯೆ ಎಂದು ತಾಲ್ಮುದ್ ವಿಮಾನಗಳಿಗೆ ಒಂದೂವರೆ ಸಾವಿರ ವರ್ಷ ಮೊದಲೇ ಕೇಳಿತ್ತು. ವೇಗ ಹೆಚ್ಚಿದ ಮಾತ್ರಕ್ಕೆ ಈ ಶಾಸ್ತ್ರಗಳು ಕಂಗೆಡಲಿಲ್ಲ. ದೂರಕ್ಕೆ ನೆಲವೆಂಬ ಆಸರೆಯಿದೆ, ಅಳೆಯಬಹುದು; ವಾರಕ್ಕೆ ಅಂಥ ಆಸರೆಯಿಲ್ಲದ್ದರಿಂದಲೇ ಅಲ್ಲಿ ಶಾಸ್ತ್ರ ತಡವರಿಸುತ್ತದೆ.

ತಿಥಿಗೆ ಆಸರೆಯಿದೆಯೆಂದ ಮಾತ್ರಕ್ಕೆ ತಿಥಿಯನ್ನು ನಂಬಿದವರ ದಾರಿ ಪೂರ್ತಿ ಸಲೀಸೆಂದಲ್ಲ. ಏಕಾದಶಿ ಬೆಂಗಳೂರಿನಲ್ಲಿ ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಶುರುವಾದರೆ ಅಂದಿನ ಸೂರ್ಯೋದಯದಲ್ಲಿ ದಶಮಿಯೇ ಇದ್ದುದರಿಂದ ಉಪವಾಸ ಶನಿವಾರಕ್ಕೆ ಹೋಗುತ್ತದೆ. ಅದೇ ಕ್ಷಣ ಕ್ಯಾಲಿಫೋರ್ನಿಯದಲ್ಲಿ ಬೇಸಿಗೆಯ ಗಡಿಯಾರದಂತೆ ಗುರುವಾರ ರಾತ್ರಿ ಒಂಬತ್ತೂವರೆಯಾಗಿದ್ದು, ಶುಕ್ರವಾರದ ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮೊದಲಿನ ಹೊತ್ತಿಗೆ, ದಶಮಿಯ ವೇಧೆಯಿಲ್ಲದ ಶುದ್ಧ ಏಕಾದಶಿ ದೊರೆಯುವುದರಿಂದ ಅರುಣೋದಯವನ್ನೇ ನೋಡುವ ಮಾಧ್ವರಿಗೂ ಅಲ್ಲಿ ಶುಕ್ರವಾರವೇ ಉಪವಾಸ. ಊರಿನ ಕ್ಯಾಲೆಂಡರನ್ನು ನೋಡಿ ಶನಿವಾರ ಉಪವಾಸ ಮಾಡುವವರು ಅಲ್ಲಿಲ್ಲದಿಲ್ಲ. ಆದರೆ ಈ ಜಗಳಕ್ಕೆ ತೀರ್ಪು ಹೇಳಲು ಚಂದ್ರನೂ ಆ ಊರಿನ ಸೂರ್ಯನೂ ಇದ್ದಾರೆ; ಆಯಾ ಊರಿಗೆ ಗಣಿಸಿದ ಪಂಚಾಂಗ ಅವರ ತೀರ್ಪನ್ನು ಅಚ್ಚು ಹಾಕಿ ಕೊಡುತ್ತದೆ. ಕಷ್ಟವಾಗುವುದು ತಿಥಿಯ ಜೊತೆ ವಾರವೂ ಸೇರಿಕೊಂಡಾಗ. ವರಮಹಾಲಕ್ಷ್ಮಿ ವ್ರತಕ್ಕೆ ಶ್ರಾವಣದ ಹುಣ್ಣಿಮೆಗೆ ಹಿಂದಿನ ಶುಕ್ರವಾರ ಬೇಕು. ಆ ವಾರವೇ ಗುರುವಾರ ರಾತ್ರಿ ಲಾಸ್ ಏಂಜಲೀಸಿನಲ್ಲಿ ವಿಮಾನ ಹತ್ತಿದ ಗೃಹಿಣಿ ಸಿಡ್ನಿಯಲ್ಲಿ ಇಳಿಯುವುದು ಶನಿವಾರ ಬೆಳಗ್ಗೆ, ಅವಳ ಪಾಲಿಗೆ ಶುಕ್ರವಾರವೆಂಬುದೇ ಇಲ್ಲ. ಇಂಥ ಕಡೆ ಧರ್ಮಶಾಸ್ತ್ರ ಮುಖ್ಯಕಾಲ ಮತ್ತು ಗೌಣಕಾಲ ಎಂಬ ವಿಭಾಗವನ್ನು ಇಟ್ಟುಕೊಂಡಿದೆ: ಮುಖ್ಯಕಾಲ ತಪ್ಪಿದಾಗ ಗೌಣಕಾಲದಲ್ಲಿ ಮಾಡಿದ ಕರ್ಮವೂ ಕರ್ಮವೇ, ಸಂಧ್ಯಾವಂದನೆಗೆ ಹೊತ್ತು ಮೀರಿದವನು ಪ್ರಾಯಶ್ಚಿತ್ತವಾಗಿ ಒಂದು ಅರ್ಘ್ಯವನ್ನು ಹೆಚ್ಚಾಗಿ ಕೊಟ್ಟು ಮುಂದುವರಿಯುವ ಹಾಗೆ. ಕಾಲ ಅನುಪಾದೇಯವೆಂದು ಒಪ್ಪಿದವರಿಗೇ ಅದು ಕೈತಪ್ಪುವ ಸಂಭವವೂ ಗೊತ್ತಿತ್ತು. ಸಬ್ಬತ್ತಿಗೆ ಇಂಥ ಗೌಣಕಾಲವಿಲ್ಲ. ಸಮೋವಾದ ಬಿಕ್ಕಟ್ಟು ಅಷ್ಟು ಬಿಗಿಯಾದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಹಾಗಾದರೆ ಎರಡು ಪಕ್ಷಗಳಲ್ಲಿ ಯಾವುದು ಸರಿ ಎಂಬುದಕ್ಕೆ ಆಕಾಶದಿಂದ ಉತ್ತರ ಸಿಗುವಂತಿಲ್ಲ. ಭಾನುವಾರದ ಪಕ್ಷ ತನ್ನ ಸಭೆಯ ಹಿರಿಯರೊಡನೆ ಕೂಡಿ ಎಣಿಸುತ್ತಿದೆ, ಶನಿವಾರದ ಪಕ್ಷ ನಾಡಿನ ನೆರೆಹೊರೆಯವರೊಡನೆ ಕೂಡಿ ಎಣಿಸುತ್ತಿದೆ. ವಾರದ ಪಾವಿತ್ರ್ಯ ಎಣಿಸುವವರ ಒಗ್ಗಟ್ಟಿನಲ್ಲಿದೆಯೆಂದು ಒಪ್ಪಿದರೆ ಯಾರ ಜೊತೆಗಿನ ಒಗ್ಗಟ್ಟು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ, ಅದನ್ನು ಶಾಸನಸಭೆಯೂ ತೀರ್ಮಾನಿಸಲಾರದು, ರೇಖಾಂಶವೂ ತೀರ್ಮಾನಿಸಲಾರದು. ಮುಂದೆಂದಾದರೂ ಅಮೆರಿಕದ ಸಮೋವಾ ಕೂಡ ವ್ಯಾಪಾರದ ಅನುಕೂಲ ನೋಡಿ ಗೆರೆಯ ಈಚೆಗೆ ಬಂದರೆ ಫಾಲೆಓಲೊದಿಂದ ಪಾಗೋ ಪಾಗೋಗೆ ಇರುವ ಅಂತರ ಮತ್ತೆ ಮುಕ್ಕಾಲು ಗಂಟೆಗೆ ಇಳಿದು, ಶನಿವಾರ ಹೊರಟವರು ಶನಿವಾರವೇ ತಲುಪುವಂತಾಗುತ್ತದೆ. ಅಪಿಯಾದ ಅಡ್ವೆಂಟಿಸ್ಟರು ಎದುರಿಸಿದ ಬೆರಳೆಣಿಕೆಯನ್ನು ಆಗ ಪಾಗೋ ಪಾಗೋದ ಅಡ್ವೆಂಟಿಸ್ಟರು ಮೊದಲಿನಿಂದ ಎಣಿಸಬೇಕಾಗುತ್ತದೆ.